ಮಕ್ಕಳಿಗೊಂದು ಮುಜಂಟಿ ಪೆಟ್ಟಿಗೆ ಕೊಡಿಸಿ

ಸೂರಃ ಅನ್ನಹ್ಲ್ ಪವಿತ್ರ ಖುರ್‌ಆನಿನ 16ನೇ ಅಧ್ಯಾಯ. ‘ನಹ್ಲ್ ಅಂದರೆ ಎಂತ?’ ಎಂದು ಮದ್ರಸದಲ್ಲಿ ಕೇಳಿದರೆ ಸಣ್ಣ ತರಗತಿಯ ಮಕ್ಕಳೂ ‘ಜೇನುನೊಣ ಉಸ್ತಾದ್’ ಎಂದು ಒಟ್ಟಿಗೇ ಕೂಗುತ್ತಾರೆ. ‘ಸರಿ, ಜೇನುನೊಣ ನೋಡಿದವರು ಯಾರು?’ ಅಂದರೆ ಅರ್ಧ ಕೈಗಳು ಕೆಳಗಿಳಿಯುತ್ತವೆ. ‘ಹತ್ತಿರದಿಂದ ನೋಡಿದವರು?’ ಅಂದರೆ ಉಳಿಯುವುದು ಒಂದೋ ಎರಡೋ ಕೈ, ಅದೂ ಕಚ್ಚಿಸಿಕೊಂಡವರದ್ದು. ಜೇನೆಂದರೆ ಈಗಿನ ಮಕ್ಕಳಿಗೆ ಅಂಗಡಿಯ ಬಾಟಲಿ, ಇಲ್ಲವೇ ಬಾಪ ಗಲ್ಫಿನಿಂದ ತಂದ ಡಬ್ಬಿ. ಅದರ ಹಿಂದೆ ಒಂದು ಜೀವಿ ಉಂಟು, ಅದಕ್ಕೊಂದು ಮನೆ, ಸಂಸಾರ, ಕೆಲಸ ಉಂಟು ಎಂಬುದು ಬಾಯಿಪಾಠದಲ್ಲಿ ಮಾತ್ರ ಉಳಿದಿದೆ.

ಆ ಅಧ್ಯಾಯದ 68 ಮತ್ತು 69ನೇ ಸೂಕ್ತಗಳಲ್ಲಿ ಜೇನು ಗೂಡು ಕಟ್ಟುವ ಮೂರು ಜಾಗಗಳ ಪ್ರಸ್ತಾಪ ಇದೆ: ಬೆಟ್ಟಗಳು, ಮರಗಳು, ಮನುಷ್ಯರು ಕಟ್ಟಿದ ಕಟ್ಟಡಗಳು. ಈ ಮೂರನ್ನೂ ನಮ್ಮ ಜಿಲ್ಲೆಯಲ್ಲಿ ಮಕ್ಕಳಿಗೆ ಬೆರಳು ಮಾಡಿ ತೋರಿಸಬಹುದು. ಬಂಡೆಗೂ ಎತ್ತರದ ಮರದ ಕೊಂಬೆಗೂ ನೇತುಬೀಳುವುದು ಹೆಜ್ಜೇನು. ಮರದ ಪೊಟರೆಯಲ್ಲಿ ಇರುವುದು ತುಡುವೆ. ಪೊದೆಯ ಸಣ್ಣ ಕೋಲಿಗೆ ಒಂದೇ ಎರಿ ಕಟ್ಟುವುದು ಕೋಲುಜೇನು. ನಮ್ಮ ಕೆಂಪುಕಲ್ಲಿನ ಗೋಡೆಯ ಸಂದಿಯಲ್ಲಿ ನಮಗೇ ಗೊತ್ತಿಲ್ಲದೆ ಬಾಡಿಗೆ ಇಲ್ಲದೆ ಕೂತಿರುವುದು ಮುಜಂಟಿ. ಇನ್ನೊಂದು ವಿಷಯ, ಅರಬಿ ವ್ಯಾಕರಣ ಕಲಿಯುವ ದೊಡ್ಡ ಮಕ್ಕಳಿಗೆ ಹೇಳಿಕೊಡಲೇಬೇಕಾದದ್ದು. ಆ ಸೂಕ್ತಗಳಲ್ಲಿ ಜೇನಿಗೆ ಕೊಟ್ಟ ಆಜ್ಞೆಗಳೆಲ್ಲ ಸ್ತ್ರೀಲಿಂಗದ ಕ್ರಿಯಾಪದದಲ್ಲಿವೆ. ಗೂಡು ಕಟ್ಟುವುದು, ಹೂವಿಂದ ಹೂವಿಗೆ ಹೋಗುವುದು, ಮರಿಗಳನ್ನು ಸಾಕುವುದು, ಬಾಗಿಲು ಕಾಯುವುದು, ಎಲ್ಲ ಕೆಲಸ ಹೆಣ್ಣು ನೊಣಗಳದ್ದೇ. ಗಂಡು ನೊಣಗಳಿಗೆ ರಾಣಿಯೊಂದಿಗೆ ಕೂಡುವುದು ಬಿಟ್ಟರೆ ಬೇರೆ ಕೆಲಸ ಇಲ್ಲ. ಇದನ್ನು ಹೇಳಿದಾಗ ಹುಡುಗಿಯರ ಬೆಂಚಿನಿಂದ ಬರುವ ನಗು ಕೇಳಬೇಕು.

ಮಕ್ಕಳಿಗೆ ಜೇನು ಸಾಕಲು ಕಲಿಸಿ ಅಂದರೆ ಉಮ್ಮಂದಿರು ಮೊದಲು ಹೇಳುವುದು ‘ಅಲ್ಲಾಹ್, ಕಚ್ಚಿದರೆ?’ ಎಂದು. ಅದಕ್ಕೇ ನಾವು ಮುಜಂಟಿಯಿಂದ ಸುರು ಮಾಡಿ ಅನ್ನುವುದು. ಮುಜಂಟಿಗೆ ಚುಚ್ಚುವ ಮುಳ್ಳೇ ಇಲ್ಲ. ಕಪ್ಪು ಬಣ್ಣ, ಉದ್ದ ಸುಮಾರು 4 ಮಿಲಿಮೀಟರ್, ನೋಡಿದವರು ಹಾರುವ ಇರುವೆ ಅಂದುಕೊಳ್ಳುತ್ತಾರೆ. ಗೂಡಿಗೆ ಕೈ ಹಾಕಿದರೆ ಕೂದಲಿನೊಳಗೆ, ಕಿವಿಯ ಬಳಿ ಸೇರಿ ಚಿವುಟಿ ಕಿರಿಕಿರಿ ಮಾಡುತ್ತವೆ, ಅಷ್ಟೆ. ಆರು ವರ್ಷದ ಮಗು ಸಹ ಒಂದು ಅಡಿ ದೂರದಲ್ಲಿ ಕೂತು ನೋಡಬಹುದು.

ಮನೆಯಲ್ಲಿ ಮುಜಂಟಿ ಉಂಟಾ ಎಂದು ಹುಡುಕುವುದೇ ಮಕ್ಕಳಿಗೆ ಮೊದಲ ಕೆಲಸ. ಹಳೆಯ ಮನೆಯ ಗೋಡೆ, ಪಾಗಾರದ ಕಲ್ಲಿನ ಸಂದಿ, ಮೀಟರ್ ಬೋರ್ಡಿನ ಹಿಂದುಗಡೆ, ಬಾವಿಕಟ್ಟೆ, ಕೆಲವೊಮ್ಮೆ ಗೇಟಿನ ಕಬ್ಬಿಣದ ಪೈಪಿನೊಳಗೆ. ಮೇಣದ, ಅಂಟಿನ ಒಂದು ಸಣ್ಣ ಕೊಳವೆ ಹೊರಗೆ ಚಾಚಿರುತ್ತದೆ, ಅದರ ಬಾಯಲ್ಲಿ ನಾಲ್ಕೈದು ಕಾವಲುಗಾರರು ತಲೆ ಹೊರಗೆ ಹಾಕಿ ಕೂತಿರುತ್ತವೆ. ಒಮ್ಮೆ ಕಣ್ಣು ಪಳಗಿದರೆ ಮತ್ತೆ ಊರಿಡೀ ಕಾಣುತ್ತದೆ. ನಮ್ಮ ನಾಲ್ಕನೇ ತರಗತಿಯ ಮಕ್ಕಳು ಒಂದು ವಾರದಲ್ಲಿ ಹನ್ನೊಂದು ಗೂಡು ಹುಡುಕಿ ಲೆಕ್ಕ ಒಪ್ಪಿಸಿದರು. ಅದರಲ್ಲಿ ಒಂದು ಮದ್ರಸದ ಮೆಟ್ಟಿಲಿನ ಕೆಳಗೇ ಇತ್ತು.

ಬೇಸರದ ವಿಷಯ ಎಂದರೆ ಈ ಗೂಡುಗಳು ವರ್ಷದಿಂದ ವರ್ಷಕ್ಕೆ ಕಡಿಮೆ ಆಗ್ತಾ ಇವೆ. ಕೆಂಪುಕಲ್ಲಿನ ಹಳೆ ಮನೆ ಕೆಡವಿ ಟೆರೇಸಿನ ಮನೆ ಕಟ್ಟುತ್ತೇವೆ. ಜೆಸಿಬಿ ಬಂದರೆ ಅರ್ಧ ಗಂಟೆಯಲ್ಲಿ ಗೋಡೆ ಹೋಯ್ತು, ಗೋಡೆಯೊಟ್ಟಿಗೆ ನಲ್ವತ್ತು ವರ್ಷದ ಗೂಡೂ ಹೋಯ್ತು. ಹೊಸ ಮನೆಯ ಪ್ಲಾಸ್ಟರಿನಲ್ಲಿ ಅವಕ್ಕೆ ಒಂದು ತೂತು ಸಿಗುವುದಿಲ್ಲ. ಪೈಂಟ್ ಮಾಡುವಾಗ ‘ಎಂತದೋ ಹುಳ’ ಎಂದು ಸಿಮೆಂಟ್ ಮೆತ್ತುವವರು, ಸೀಮೆಎಣ್ಣೆ ಸುರಿಯುವವರು ಉಂಟು. ಇರುವೆ, ಜೇನುನೊಣ ಸಹಿತ ನಾಲ್ಕು ಜೀವಿಗಳನ್ನು ಕೊಲ್ಲುವುದನ್ನು ಪ್ರವಾದಿವರ್ಯರು (ಸ.ಅ.) ವಿರೋಧಿಸಿದ್ದಾರೆ ಎಂಬ ಹದೀಸ್ ಅಬೂದಾವೂದ್‌ನಲ್ಲಿದೆ. ಇದನ್ನು ಮಕ್ಕಳಿಗೆ ಕಲಿಸಿ ಪರೀಕ್ಷೆಯಲ್ಲಿ ಅಂಕವನ್ನೂ ಕೊಡುತ್ತೇವೆ. ಮನೆ ಕೆಡವುವಾಗ ಮಾತ್ರ ನೆನಪಾಗುವುದಿಲ್ಲ. ಹಳೆ ಮನೆ ತೆಗೆಯುವ ಯೋಚನೆ ಇರುವವರು ದಯವಿಟ್ಟು ನಾಲ್ಕು ತಿಂಗಳು ಮೊದಲೇ ಗೋಡೆ ನೋಡಿ, ಜೇನು ಗೊತ್ತಿರುವವರನ್ನು ಕರೆಸಿ.

ಗೋಡೆಯಿಂದ ಪೆಟ್ಟಿಗೆಗೆ ತರುವುದು ಹೇಗೆ? ಎರಡು ದಾರಿ. ಗೋಡೆ ಹೇಗೂ ಒಡೆಯುವುದಾದರೆ ಸಂಜೆ ಹೊತ್ತು ಜಾಗ್ರತೆಯಿಂದ ಕಲ್ಲು ಬಿಡಿಸಿ, ಮೊಟ್ಟೆಮರಿಗಳ ಗೊಂಚಲು, ರಾಣಿ, ಒಡೆಯದ ಜೇನು-ಪರಾಗದ ಸಣ್ಣ ಕುಡಿಕೆಗಳನ್ನು ಪೆಟ್ಟಿಗೆಗೆ ಇಳಿಸುವುದು. ಹಳೆಯ ಬಾಗಿಲ ಕೊಳವೆಯನ್ನು ಕಿತ್ತು ಪೆಟ್ಟಿಗೆಯ ತೂತಿಗೆ ಅಂಟಿಸಿದರೆ ಹೊರಗೆ ಹೋದ ನೊಣಗಳು ಅದೇ ವಾಸನೆ ಹಿಡಿದು ಬರುತ್ತವೆ. ಒಡೆದ ಕುಡಿಕೆಯ ಜೇನು ಒಳಗೆ ಹರಿದರೆ ಇರುವೆ ಬಂದು ಒಂದೇ ರಾತ್ರಿಯಲ್ಲಿ ಎಲ್ಲ ಮುಗಿಸ್ತದೆ, ಇಲ್ಲಿ ಅವಸರ ಮಾಡಬಾರದು. ಗೋಡೆ ಒಡೆಯುವುದು ಬೇಡ ಎಂದಾದರೆ ಗೂಡಿನ ಬಾಯಿಗೆ ಒಂದು ಸಣ್ಣ ಪ್ಲಾಸ್ಟಿಕ್ ಪೈಪ್ ಜೋಡಿಸಿ, ಅದರ ಇನ್ನೊಂದು ತುದಿಯನ್ನು ಖಾಲಿ ಪೆಟ್ಟಿಗೆಗೆ ಕೊಟ್ಟು, ಪೆಟ್ಟಿಗೆಯ ಇನ್ನೊಂದು ಬದಿಯಲ್ಲಿ ಹೊರದಾರಿ ಇಡುವುದು. ಒಳಗೆ ಹೊರಗೆ ಹೋಗುವ ನೊಣಗಳೆಲ್ಲ ಪೆಟ್ಟಿಗೆಯ ಮೂಲಕವೇ ಓಡಾಡಬೇಕು. ಕೆಲವು ತಿಂಗಳಲ್ಲಿ ಅಲ್ಲಿಯೇ ಕುಡಿಕೆ ಕಟ್ಟಲು ಸುರು ಮಾಡುತ್ತವೆ, ಅದೃಷ್ಟ ಇದ್ದರೆ ಹೊಸ ರಾಣಿಯೂ ಆಗ್ತದೆ. ಇದಕ್ಕೆ ಸಬರ್ ಬೇಕು. ದಿನಾ ಮುಚ್ಚಳ ತೆಗೆದು ನೋಡುವ ಮಕ್ಕಳಿದ್ದರೆ ಸಬರ್ ಎರಡರಷ್ಟು ಬೇಕು.

ಪೆಟ್ಟಿಗೆಗೆ ದೊಡ್ಡ ಖರ್ಚಿಲ್ಲ. ಸುಮಾರು ಒಂದು ಅಡಿ ಉದ್ದ, ಅರ್ಧ ಅಡಿ ಅಗಲದ ಮರದ ಡಬ್ಬಿ ಸಾಕು. ಬಿದಿರಿನ ಅಂಡೆ, ಮಣ್ಣಿನ ಮಡಕೆಯೂ ಆಗ್ತದೆ. ಬಿಸಿಲು ನೇರ ಬೀಳದ, ಮಳೆ ಎರಚದ ಜಾಗ ಬೇಕು. ಸಿಟೌಟಿನ ಮೂಲೆ, ಅಡುಗೆಮನೆಯ ಹಿಂದಿನ ಮಾಡಿನ ಅಡಿ ಒಳ್ಳೆಯದು. ಇರುವೆ ಹತ್ತದ ಹಾಗೆ ತಂತಿಯಲ್ಲಿ ನೇತುಹಾಕಿ ಗ್ರೀಸ್ ಬಳಿದರೆ ಮುಗಿಯಿತು. ಫ್ಲ್ಯಾಟಿನ ಬಾಲ್ಕನಿಯಲ್ಲೂ ಆಗ್ತದೆ, ಸುತ್ತ ತೆಂಗು, ಹೂವಿನ ಗಿಡ ಇದ್ದರೆ.

ಮಕ್ಕಳಿಗೆ ಕೆಲಸ ಕೊಡಿ. ಸುಮ್ಮನೆ ‘ನೋಡು ಮೋನೇ’ ಎಂದರೆ ಮೂರನೇ ದಿನಕ್ಕೆ ಮೊಬೈಲಿಗೆ ವಾಪಸ್ಸಾಗ್ತಾರೆ. ಒಂದು ನೋಟ್‌ಬುಕ್ ಕೊಟ್ಟು ಐದು ನಿಮಿಷದಲ್ಲಿ ಎಷ್ಟು ನೊಣಗಳು ಕಾಲಲ್ಲಿ ಪರಾಗದ ಉಂಡೆ ಹೊತ್ತು ಬಂದವು ಎಂದು ಎಣಿಸಲಿ. ಬೆಳಿಗ್ಗೆ ಮದ್ರಸಕ್ಕೆ ಹೊರಡುವಾಗ ಎಷ್ಟು, ಅಸರ್ ಹೊತ್ತಿಗೆ ಎಷ್ಟು? ಮೋಡ ಇರುವ ದಿನ ಎಷ್ಟು? ಉಂಡೆಯ ಬಣ್ಣ ಯಾವುದು? ಹಳದಿ, ಕಿತ್ತಳೆ, ಬಿಳಿ, ಒಂದೊಂದು ಹೂವಿಗೆ ಒಂದೊಂದು ಬಣ್ಣ. ತೆಂಗಿನ ಹೂ ಬಿಡದ ತಿಂಗಳಿಲ್ಲ, ಅಡಿಕೆಯ ಹಾಳೆ ಬಿಚ್ಚಿದಾಗ ಪರಾಗಕ್ಕೆ ನೊಣಗಳ ಜಾತ್ರೆ. ತೋಟದ ನಾಚಿಕೆಮುಳ್ಳು ನಮಗೆ ಕಳೆ, ಅವಕ್ಕೆ ಪರಾಗದ ಊಟ. ತುಳಸಿ, ನುಗ್ಗೆ, ನೇರಳೆ, ಗೇರು, ಅಂಟುವಾಳ... ಹೀಗೆ ಬರೆಯುತ್ತಾ ಹೋದರೆ ಒಂದು ವರ್ಷದಲ್ಲಿ ಮಗುವಿನ ಕೈಯಲ್ಲಿ ತನ್ನ ಮನೆ ಸುತ್ತಲಿನ ಹೂವಿನ ಪಂಚಾಂಗವೇ ತಯಾರಾಗ್ತದೆ. ಶಾಲೆಯ ವಿಜ್ಞಾನದ ಟೀಚರಿಗೂ ತೋರಿಸಬಹುದು. ಒಬ್ಬಳು ಹುಡುಗಿ ತನ್ನ ನೋಟ್‌ಬುಕ್ಕಿನ ಪುಟಗಳ ಫೋಟೋ ತೆಗೆದು ದಮ್ಮಾಮಿನಲ್ಲಿರುವ ಬಾಪನಿಗೆ ವಾಟ್ಸ್ಆಪ್ ಮಾಡುತ್ತಾಳೆ. ಬಾಪ ಈಗ ಕಾಲ್ ಮಾಡಿದರೆ ಮೊದಲು ಕೇಳುವುದು ‘ಮುಜಂಟಿ ಎಷ್ಟು ಬಂತು?’ ಎಂದಂತೆ.

ಹತ್ತು-ಹನ್ನೆರಡು ವರ್ಷ ದಾಟಿದ, ಆಸೆ ಇಳಿಯದ ಮಕ್ಕಳಿಗೆ ತುಡುವೆ ತೋರಿಸಬಹುದು. ಇದು ಚುಚ್ಚುತ್ತದೆ, ಹಿರಿಯರು ಪಕ್ಕದಲ್ಲೇ ಇರಬೇಕು. ದಕ್ಷಿಣ ಕನ್ನಡಕ್ಕೆ ತುಡುವೆ ಹೊಸತಲ್ಲ. 1911ರಿಂದ 1917ರ ನಡುವೆ ದಕ್ಷಿಣ ಭಾರತದಲ್ಲಿ ಜೇನು ಕಲಿಸಿದ ಪಾದ್ರಿ ನ್ಯೂಟನ್ ಅವರ ಹೆಸರಿನ ಪೆಟ್ಟಿಗೆ ಇಂದಿಗೂ ಚಾಲ್ತಿಯಲ್ಲಿದೆ. ಪುತ್ತೂರಿನಲ್ಲಿ ಜೇನು ವ್ಯವಸಾಯಗಾರರ ಸಹಕಾರ ಸಂಘವೇ ಇದೆ, ಅದರ ‘ಮಾಧುರಿ’ ಜೇನು ಅನೇಕರ ಮನೆಯಲ್ಲಿರಬಹುದು. 1991-92ರ ಹೊತ್ತಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದು ಮರಿಗಳೆಲ್ಲ ಚೀಲದ ಹಾಗೆ ನೀರುಗಟ್ಟಿ ಸತ್ತು ಪೆಟ್ಟಿಗೆಗಳು ಸಾಲುಸಾಲಾಗಿ ಖಾಲಿಯಾದವು. ಮನುಷ್ಯರಿಗೆ ಆ ರೋಗ ಹರಡುವುದಿಲ್ಲ. ಆದರೆ ಅಟ್ಟಕ್ಕೆ ಹೋದ ಪೆಟ್ಟಿಗೆ ಹೆಚ್ಚಿನ ಮನೆಗಳಲ್ಲಿ ಮತ್ತೆ ಕೆಳಗೆ ಇಳಿಯಲಿಲ್ಲ. ನಿಮ್ಮ ಉಪ್ಪಾಪನ ಕಾಲದ್ದು ಒಂದು ಇದ್ದರೂ ಇರಬಹುದು, ನೋಡಿ. ಸಿಕ್ಕಿದರೆ ಚೆನ್ನಾಗಿ ತೊಳೆದು ಬಿಸಿಲಿಗಿಟ್ಟು ಬೆಂಕಿ ತೋರಿಸಿಯೇ ಬಳಸಿ.

ತುಡುವೆ ಪೆಟ್ಟಿಗೆ ತೆರೆಯಲು ಬಿಸಿಲಿರುವ ದಿನ ಬೇಕು. ಶುಕ್ರವಾರ ಮದ್ರಸಕ್ಕೆ ರಜೆ, ಶಾಲೆಗಿಲ್ಲ. ಭಾನುವಾರ ಶಾಲೆಗೆ ರಜೆ, ಮದ್ರಸಕ್ಕಿಲ್ಲ. ಹಾಗಾಗಿ ಭಾನುವಾರ ಮದ್ರಸ ಬಿಟ್ಟು ನಾಸ್ತಾ ಮುಗಿಸಿ ಹತ್ತು ಗಂಟೆಗೆ ಇಟ್ಟುಕೊಳ್ಳಿ. ಮದ್ರಸದ ಬಿಳಿ ಅಂಗಿ, ಬಿಳಿ ಟೊಪ್ಪಿ ಈ ಕೆಲಸಕ್ಕೆ ಹೇಳಿ ಹೊಲಿಸಿದ ಹಾಗಿದೆ, ಏಕೆಂದರೆ ಕಪ್ಪು ಮತ್ತು ರೋಮದಂಥ ಬಟ್ಟೆ ಕಂಡರೆ ಜೇನು ಸಿಟ್ಟಾಗ್ತದೆ. ಹೆಣ್ಣುಮಕ್ಕಳು ಕಪ್ಪು ಪರ್ದಾ ಬದಲಿಗೆ ತಿಳಿ ಬಣ್ಣದ ಉದ್ದ ಉಡುಪು, ತಿಳಿ ಬಣ್ಣದ ಮಕ್ಕನ ಹಾಕಲಿ. ಮುಖಕ್ಕೆ ಪರದೆ ಎಲ್ಲರಿಗೂ ಬೇಕು. ಅತ್ತರ್ ಬೇಡ. ಬಾಳೆಹಣ್ಣು ತಿಂದ ಬಾಯಲ್ಲಿ ಹೋಗುವುದೂ ಬೇಡ, ಜೇನಿನ ಅಪಾಯದ ಸಂಕೇತದ ವಾಸನೆಯೂ ಬಾಳೆಹಣ್ಣಿನ ವಾಸನೆಯೂ ಒಂದೇ ಬಗೆಯದ್ದು. ಪೆಟ್ಟಿಗೆಯ ಬಾಗಿಲಿಗೆ ಅಡ್ಡ ನಿಲ್ಲದೆ ಬದಿಯಿಂದ ಹೋಗಬೇಕು. ಬಿಸ್ಮಿ ಹೇಳಿ ನಿಧಾನಕ್ಕೆ ಮುಚ್ಚಳ ಎತ್ತಬೇಕು.

ಒಳಗೆ ನೋಡಲು ಎಷ್ಟು ಉಂಟು! ಕೆಳಗಿನದ್ದು ಸಂಸಾರದ ಕೋಣೆ, ಮೇಲಿನದ್ದು ಜೇನಿನ ಕೋಣೆ. ಮೊಟ್ಟೆ ಅಕ್ಕಿಯ ನುಚ್ಚಿಗಿಂತ ಸಣ್ಣದು, ಮೂರು ದಿನದಲ್ಲಿ ಮರಿ, ಸುಮಾರು ಮೂರು ವಾರದಲ್ಲಿ ಕೆಲಸಗಾರ ನೊಣ. ಅದಕ್ಕಿಂತ ಬೇಗ, ಸುಮಾರು 16 ದಿನಕ್ಕೇ ರಾಣಿ ಹೊರಬರ್ತಾಳೆ. ಹುಟ್ಟಿದ ನೊಣಕ್ಕೆ ಮೊದಲು ಗುಡಿಸುವ ಕೆಲಸ, ಮತ್ತೆ ಮರಿಗಳಿಗೆ ಊಟ ಕೊಡುವುದು, ಮತ್ತೆ ಮೇಣ ಕಟ್ಟುವುದು, ಕಾವಲು, ಕಡೆಗೆ ಹೊರಗಿನ ದುಡಿಮೆ. ಹೂ ಸಿಕ್ಕಿದ ನೊಣ ಎರಿಯ ಮೇಲೆ ಹೊಟ್ಟೆ ಅಲ್ಲಾಡಿಸಿ ಕುಣಿದು ದಿಕ್ಕನ್ನೂ ದೂರವನ್ನೂ ಉಳಿದವರಿಗೆ ತಿಳಿಸುತ್ತದೆ. ಈ ಕುಣಿತದ ಅರ್ಥ ಬಿಡಿಸಿದ ಕಾರ್ಲ್ ಫಾನ್ ಫ್ರಿಶ್ ಅವರಿಗೆ 1973ರಲ್ಲಿ ನೊಬೆಲ್ ಬಂತು. ಸೂರ್ಯನನ್ನು ಲೆಕ್ಕಕ್ಕೆ ಹಿಡಿದು ದಾರಿ ಹೇಳುವುದನ್ನು ಸಣ್ಣ ಹುಳಕ್ಕೆ ಕಲಿಸಿಕೊಟ್ಟದ್ದು ಯಾರು ಎಂದು ಮಕ್ಕಳೇ ಕೇಳ್ತಾರೆ. ಅಲ್ಲಿ ನಮ್ಮ ಪಾಠ ಸುಲಭ ಆಗ್ತದೆ.

ಚುಚ್ಚಿತು ಅಂತ ಇಟ್ಟುಕೊಳ್ಳಿ. ಮುಳ್ಳನ್ನು ಕೂಡಲೇ ಉಗುರಿನಿಂದ ಕೆರೆದು ತೆಗೆಯಿರಿ, ತಡ ಮಾಡಿದಷ್ಟು ವಿಷ ಇಳಿಯುತ್ತದೆ, ಅದರ ವಾಸನೆಗೆ ಬೇರೆ ನೊಣಗಳೂ ಬರುತ್ತವೆ. ಸಾಬೂನಿನಲ್ಲಿ ತೊಳೆದು ತಣ್ಣೀರ ಬಟ್ಟೆ ಇಡಿ. ಸ್ವಲ್ಪ ಊದಿ ನೋವಾಗುವುದು ಸಹಜ. ಆದರೆ ಮೈಯಿಡೀ ದಡಿಕೆ, ತುಟಿ-ಮುಖ ಊದುವುದು, ಉಸಿರು ಕಟ್ಟುವುದು, ತಲೆ ತಿರುಗುವುದು ಕಂಡರೆ ಸುಣ್ಣ, ಅರಸಿನ ಎಂದು ಕೂರಬೇಡಿ, ಓದಿ ಊದಿಸಲೂ ಹೋಗಬೇಡಿ, ನೇರ ಆಸ್ಪತ್ರೆಗೆ. ಅಂಥ ಅಲರ್ಜಿ ಇರುವ ಮಗುವಿಗೆ ತುಡುವೆ ಬೇಡವೇ ಬೇಡ. ವೀಸಿಂಗ್ ಇರುವ ಮಕ್ಕಳ ಬಗ್ಗೆ ಮೊದಲೇ ಡಾಕ್ಟರಲ್ಲಿ ಕೇಳಿಕೊಳ್ಳಿ.

ನಮ್ಮ ಊರಿನ ಮಳೆಗಾಲ ಜೇನಿಗೆ ಉಪವಾಸದ ಕಾಲ. ಜೂನ್‌ನಿಂದ ಆಗಸ್ಟ್‌ವರೆಗೆ ತುಡುವೆಗೆ ಸಮಪ್ರಮಾಣದ ಸಕ್ಕರೆ-ನೀರಿನ ಪಾಕವನ್ನು ಸಂಜೆ ಹೊತ್ತು ಪೆಟ್ಟಿಗೆಯ ಒಳಗೇ ಇಡಬೇಕು. ಹೊರಗೆ ಇಟ್ಟರೆ ಬೇರೆ ಗೂಡಿನವು ಬಂದು ದರೋಡೆ ಮಾಡುತ್ತವೆ. ಸ್ಟ್ಯಾಂಡಿನ ಕಾಲುಗಳ ಕೆಳಗೆ ನೀರಿನ ತಟ್ಟೆ, ಮೇಣದ ಹುಳ ಬಾರದ ಹಾಗೆ ಖಾಲಿ ಎರಿ ತೆಗೆಯುವುದು, ಇಷ್ಟು ಮಾಡಿಯೂ ಒಂದು ದಿನ ಇಡೀ ಕುಟುಂಬ ಎದ್ದು ಹೋಗಬಹುದು. ಮಗು ಅಳ್ತದೆ, ಅಳಲಿ. ಜೀವ ಇರುವುದನ್ನು ಸಾಕುವಾಗ ಇದು ಬರುವುದೇ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಮಾತ್ರ ಸುಗ್ಗಿ. ಸುಳ್ಯ, ಬೆಳ್ತಂಗಡಿ ಕಡೆ ರಬ್ಬರ್ ಚಿಗುರುವಾಗ ಎಲೆಯ ತೊಟ್ಟಿನ ಬಳಿಯೇ ಸಿಹಿ ಒಸರುತ್ತದೆ, ಅಲ್ಲಿನ ಜೇನಿನಲ್ಲಿ ದೊಡ್ಡ ಪಾಲು ಹೂವಿನದ್ದಲ್ಲ, ಎಲೆಯದ್ದು! ಒಳ್ಳೆಯ ಜಾಗದಲ್ಲಿ ತುಡುವೆ ವರ್ಷಕ್ಕೆ 5ರಿಂದ 10 ಕೆ.ಜಿ. ಕೊಡಬಹುದು. ಮುಜಂಟಿ ಕೊಡುವುದು ಕೆಲವು ನೂರು ಗ್ರಾಂ ಮಾತ್ರ, ಸ್ವಲ್ಪ ಹುಳಿ, ಬೆಲೆ ಮಾತ್ರ ಎಷ್ಟೋ ಪಟ್ಟು ಹೆಚ್ಚು. ಬೀಡಿಯ ಹಾಗೆ ವಾರವಾರ ಲೆಕ್ಕ ಸಿಗುವ ಕೆಲಸ ಇದಲ್ಲ, ಆ ಆಸೆಯಿಂದ ಇಳಿಯಬೇಡಿ. ತೋಟಗಾರಿಕೆ ಇಲಾಖೆಯವರು ತರಬೇತಿ, ಪೆಟ್ಟಿಗೆಗೆ ಸಹಾಯಧನ ಕೊಡುವ ಯೋಜನೆಗಳಿವೆ, ತಾಲೂಕು ಕಚೇರಿಯಲ್ಲಿ ವಿಚಾರಿಸಿ.

ಜೇನು ಮನೆಗೆ ಬಂದ ಮೇಲೆ ಒಂದು ಮಾತು ಬಹಳ ಮುಖ್ಯ. ಒಂದು ವರ್ಷ ತುಂಬದ ಮಗುವಿಗೆ ಜೇನು ಕೊಡಬಾರದು, ಒಂದು ತೊಟ್ಟೂ. ಜೇನಿನಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಾಣು ಹಸುಗೂಸಿನ ಕರುಳಲ್ಲಿ ಬೆಳೆದು ವಿಷವಾಗಿ, ಮೈ ಸೋಲುವ, ಉಸಿರಾಟಕ್ಕೇ ತೊಂದರೆಯಾಗುವ ಬೊಟುಲಿಸಂ ಬರುವ ಅಪಾಯ ಉಂಟು. ಶುದ್ಧ ಜೇನಿನಲ್ಲೂ ಇರಬಹುದು, ಕಾಯಿಸಿದರೂ ಅದು ಸಾಯುವುದಿಲ್ಲ. ನಮ್ಮಲ್ಲಿ ಹೆರಿಗೆಯಾದ ಕೂಡಲೇ ಬಾಯಿಗೆ ಜೇನು ಸವರುವ ರೂಢಿ ಅನೇಕ ಮನೆಗಳಲ್ಲಿದೆ. ಉಮ್ಮಾಮ ಬೇಸರ ಮಾಡಿಕೊಳ್ತಾರೆ ಎಂದು ಸೊಸೆಯಂದಿರು ಬಾಯಿ ಬಿಡುವುದಿಲ್ಲ. ತಹ್ನೀಕ್‌ಗೆ ಹದೀಸಿನಲ್ಲಿ ಬಂದಿರುವುದು ಖರ್ಜೂರ, ಅದೂ ಅಗಿದು ಮೆತ್ತಗೆ ಮಾಡಿ ಒಂದಿಷ್ಟು ಸವರುವುದು. ಸುನ್ನತ್ತಿಗೆ ಏನೂ ಕೊರತೆ ಆಗುವುದಿಲ್ಲ. ಡಾಕ್ಟರಲ್ಲೂ ಒಂದು ಮಾತು ಕೇಳಿ. ಉಸ್ತಾದರೇ ಹೇಳಿದ್ದಾರೆ ಎಂದು ಈ ಪುಟವನ್ನು ಉಮ್ಮಾಮನಿಗೆ ಓದಿ ಹೇಳಿದರೂ ಆದೀತು.

ಶುದ್ಧ ಜೇನು ಗುರುತಿಸಲು ನೀರಿಗೆ ಹಾಕುವುದು, ಹೆಬ್ಬೆರಳಿಗೆ ಬಿಡುವುದು, ಬೆಂಕಿಕಡ್ಡಿ ಗೀರುವುದು, ಇವುಗಳನ್ನೆಲ್ಲ ನಂಬಬೇಡಿ. ಸಕ್ಕರೆ ಹಾಗೆ ಗಟ್ಟಿ ಆದದ್ದೆಲ್ಲ ಕಲಬೆರಕೆಯೂ ಅಲ್ಲ. ಕರಾವಳಿಯ ತುಡುವೆ ಜೇನಿನಲ್ಲಿ ನೀರಿನಂಶ ಹೆಚ್ಚು, ಮೇಣ ಮುಚ್ಚದ ಎರಿಯಿಂದ ತೆಗೆದರೆ ಹುಳಿ ಬಂದು ನೊರೆ ಏಳುತ್ತದೆ. ಗಾಜಿನ ಬಾಟಲಿಯಲ್ಲಿಟ್ಟು ಒಣ ಚಮಚವನ್ನೇ ಹಾಕಿ. ಹದ್ರಮೌತಿನ ಸಿದ್ರ್ ಜೇನಿಗೆ ಸಾವಿರಾರು ರೂಪಾಯಿ ಕೊಡುವವರು ಪಕ್ಕದ ಮನೆಯ ತುಡುವೆಗೆ ಚೌಕಾಸಿ ಮಾಡುವುದು ಮಾತ್ರ ನಮಗೆ ಅರ್ಥ ಆಗಿಲ್ಲ.

ಕೊನೆಗೆ ಹೆಜ್ಜೇನು. ಅದನ್ನು ಸಾಕಲು ಆಗುವುದಿಲ್ಲ, ಹತ್ತಿರ ಹೋಗಲೂ ಬಾರದು. ಮಸೀದಿಯ ಮಿನಾರದಲ್ಲಿ, ನೀರಿನ ಟ್ಯಾಂಕಿನ ಅಡಿಯಲ್ಲಿ ಕಟ್ಟಿದರೆ ಮಕ್ಕಳು ಕಲ್ಲು ಬಿಸಾಡದ ಹಾಗೆ ದೊಡ್ಡವರು ನೋಡಿಕೊಳ್ಳಬೇಕು. ಅದು ವಲಸೆಯ ಜೇನು, ಹೂ ಮುಗಿದಾಗ ಸಾಮಾನ್ಯವಾಗಿ ಮಳೆಗಾಲಕ್ಕೆ ಮುಂಚೆ ತಾನೇ ಹೋಗ್ತದೆ. ಜನ ಓಡಾಡುವ ದಾರಿಗೆ ಅಪಾಯ ಎಂದಾದರೆ ಜಮಾಅತಿನವರು ಅರಣ್ಯ ಇಲಾಖೆಗೋ ಜೇನು ಬಲ್ಲವರಿಗೋ ಹೇಳಲಿ, ರಾತ್ರಿ ಬೆಂಕಿ ಹಿಡಿಯುವ ಸಾಹಸ ಬೇಡ. ಎದ್ದು ಬಂದಾಗ ಏನು ಮಾಡಬೇಕೆಂದು ಪ್ರತಿ ಮಗುವಿಗೂ ಗೊತ್ತಿರಬೇಕು: ಕೈ ಬೀಸಬೇಡ, ತಲೆ-ಮುಖ ಬಟ್ಟೆಯಿಂದ ಮುಚ್ಚಿಕೋ, ನಿಲ್ಲದೆ ಓಡಿ ಹತ್ತಿರದ ಮನೆಯೊಳಗೆ ಸೇರಿ ಬಾಗಿಲು ಹಾಕು. ಕೆರೆಗೆ, ಹೊಳೆಗೆ ಹಾರಬೇಡ, ನೀರ ಮೇಲೆ ಅವು ಕಾಯುತ್ತಿರುತ್ತವೆ.